ಮಾಮಾನ ಫಿಯಟ್ಟು, ಕುರ್ಲಾದ ತಗಡು

ಜ್ಯಾಕು ಕಾರನ್ನು ಎತ್ತಲಿಲ್ಲ, ಕಾರಿನೊಳಗೇ ಹೋಯಿತು.

2014ರ ದೀಪಾವಳಿ ಮುಗಿದ ವಾರ ಅದು. ಮುಲುಂಡದ ನಮ್ಮ ಸೊಸೈಟಿಯ ಹಿಂದಿನ ಅಂಗಳದಲ್ಲಿ, ಗಾಳಿ ಹೋಗಿದ್ದ ಗಾಲಿ ಬದಲಿಸೋಣವೆಂದು ಮಾಮಾನ ಫಿಯಟ್ಟಿಗೆ ಜ್ಯಾಕು ಹಚ್ಚಿ ತಿರುವುತ್ತಿದ್ದೆ. ನಾಲ್ಕು ಸುತ್ತು ತಿರುವುವುದರೊಳಗೆ ಹಪ್ಪಳ ಮುರಿದಂಥ ಸದ್ದು. ಬಗ್ಗಿ ನೋಡಿದೆ. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಗ್ಯಾರೇಜಿನವರು ಯಾವುದಕ್ಕೆ ರನ್ನಿಂಗ್ ಬೋರ್ಡ್ ಅನ್ನುತ್ತಾರೋ ಅದು, ಒಡೆದು ಬಾಯಿ ತೆರೆದಿತ್ತು. ಕೆಂಪು ಪುಡಿ, ಬಣ್ಣದ ಹಕ್ಕಳೆ, ಪುಟ್ಟಿಯ ತುಂಡು ನೆಲಕ್ಕೆ ಉದುರುತ್ತಿದ್ದವು. ಎರಡನೇ ಮಹಡಿಯ ಕಿಟಕಿಯಿಂದ ಮಾಮಾ ಕೇಳಿದರು, "ಏನಾತೋ ತಮ್ಮಾ?"

"ಏನಿಲ್ಲ ಮಾಮಾ, ಜ್ಯಾಕು ಜಾರಿತು" ಅಂದೆ. ಆಗ ಅವರಿಗೆ ಎಂಬತ್ತೆರಡು. ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕು. ಜ್ಯಾಕು ಜಾರಿದ ಸದ್ದು ಯಾವುದು, ತಗಡು ಮುರಿದ ಸದ್ದು ಯಾವುದು ಅನ್ನುವುದು ಅವರಿಗೆ ಗೊತ್ತಿರದ ಸಂಗತಿಯಲ್ಲ. ಮರುಮಾತಾಡದೆ ಕಿಟಕಿಯಿಂದ ಸರಿದರು.

ಆ ಒಂದು ತೂತಿನಿಂದ ಶುರುವಾದ ಕೆಲಸ ಮುಗಿಯಲು ಐದು ತಿಂಗಳು ಹಿಡಿಯಿತು. ಮನೆಯಂಗಳದಲ್ಲೇ ಕಾರಿನ ಕೊಳೆತ ತಗಡು ಕತ್ತರಿಸಿ ಹೊಸದನ್ನು ಕೂಡಿಸುತ್ತ ನಾನು ಕಲಿತದ್ದರಲ್ಲಿ ಬೆಸುಗೆಯ ವಿದ್ಯೆ ಸ್ವಲ್ಪ, ಮುಂಬಯಿಯ ಚರಿತ್ರೆ ಜಾಸ್ತಿ. ಊರಿನ ಓದುಗರಿಗೆ ಆ ಎರಡನ್ನೂ ಸೇರಿಸಿಯೇ ಹೇಳಬೇಕು.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಧಾರವಾಡದಿಂದ ಮುಂಬಯಿಗೆ ಬಂದದ್ದು 1954ರಲ್ಲಿ, ಪರೇಲಿನ ಗಿರಣಿಯೊಂದರ ಲೆಕ್ಕಪತ್ರದ ಕಚೇರಿಗೆ. "ನಾ ಊರು ಬಿಟ್ಟು ಬಂದಾಂವಲ್ಲ, ರಾಜಧಾನಿಗೆ ಬಂದಾಂವ" ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ನಮ್ಮ ಕಡೆಯವರು ಹೈಕೋರ್ಟಿಗೂ ಸಚಿವಾಲಯಕ್ಕೂ ಬರಬೇಕಾದದ್ದು ಇಲ್ಲಿಗೇ. 1956ರ ನವೆಂಬರ್ 1ಕ್ಕೆ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, 1960ರ ಮೇ 1ಕ್ಕೆ ಮಹಾರಾಷ್ಟ್ರ ಹುಟ್ಟಿತು. ಮಾಮಾ ಇದ್ದ ಖೋಲಿ ಅದೇ, ಹೋಗುತ್ತಿದ್ದ ಕಚೇರಿ ಅದೇ. ಒಂದು ಹೆಜ್ಜೆಯನ್ನೂ ಎತ್ತಿಡದೆ ಮನುಷ್ಯ ಪರರಾಜ್ಯದವನಾದ. 1966ರಲ್ಲಿ ಶಿವಸೇನೆ ಹುಟ್ಟಿ, ನೌಕರಿಗಳಲ್ಲಿರುವ ದಕ್ಷಿಣದವರ ಲೆಕ್ಕ ತೆಗೆಯತೊಡಗಿದಾಗ ಧಾರವಾಡದವನೂ 'ಮದ್ರಾಸಿ'ಯೇ ಆದ. ಊರಿಗೆ ಹೋದರೆ ಅಲ್ಲಿ ಅವರ ಹೆಸರು 'ಮುಂಬಯಿ ಮಾಮಾ'.

ಫಿಯಟ್ಟಿಗೆ ಅವರು ಹೆಸರು ಹಚ್ಚಿದ್ದು 1963ರಲ್ಲಿ, ಕೈಗೆ ಬಂದದ್ದು 1970ರಲ್ಲಿ. ಏಳು ವರ್ಷ ಅಂದರೆ ಈಗಿನವರು ನಗುತ್ತಾರೆ. ಆಗ ದೇಶದಲ್ಲಿ ಸಿಗುತ್ತಿದ್ದ ಕಾರುಗಳೇ ಮುಖ್ಯವಾಗಿ ಮೂರು: ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ಮಾಡಬೇಕು ಅನ್ನುವುದಕ್ಕೆ ಲೈಸೆನ್ಸು, ಹೇಗೆ ಹಂಚಬೇಕು ಅನ್ನುವುದಕ್ಕೆ ನಿಯಂತ್ರಣ ಆದೇಶ, 1969ರಲ್ಲಂತೂ ಬೆಲೆಯನ್ನೂ ಸರ್ಕಾರವೇ ಗೊತ್ತುಮಾಡಿತು. ಕಾರಿನ ಕಂಪನಿಗಳು ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದವು. ಅಂಥ ಕಾಲದಲ್ಲಿ ಗುಮಾಸ್ತನೊಬ್ಬ ಕೂಡಿಟ್ಟ ದುಡ್ಡಿನಲ್ಲಿ ಕಾರು ತಂದದ್ದು ನಮ್ಮ ಬಳಗಕ್ಕೆಲ್ಲ ದೊಡ್ಡ ಸುದ್ದಿಯಾಗಿತ್ತು.

1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಮುಷ್ಕರ ಗೆಲ್ಲಲೂ ಇಲ್ಲ, ಸರಿಯಾಗಿ ಮುಗಿಯಲೂ ಇಲ್ಲ. ಮಾಮಾನ ಗಿರಣಿ ಮತ್ತೆ ತೆರೆಯಲಿಲ್ಲ. ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆದು ಸಂಸಾರ ಸಾಗಿಸಿದರು, ಕಾರು ಮಾತ್ರ ಮಾರಲಿಲ್ಲ. ಗ್ಯಾರೇಜಿಗೆ ಕೊಡಲು ದುಡ್ಡಿರಲಿಲ್ಲವಾದ್ದರಿಂದ ಎಲ್ಲ ಕೆಲಸ ತಾವೇ ಕಲಿತರು. ಪ್ರತಿ ಮೇ ತಿಂಗಳ ಕೊನೆಗೆ, ಮಳೆ ಬರುವ ಮೊದಲು, ಕಾರಿನ ಅಡಿಗೆ ಮಲಗಿ ಹಳೇ ಇಂಜಿನ್ ಆಯಿಲ್ಲಿಗೆ ಡೀಸೆಲ್ ಬೆರೆಸಿ ಬ್ರಷ್ಷಿನಿಂದ ಬಳಿಯುತ್ತಿದ್ದರು. ಬಾಗಿಲ ಕೆಳ ಅಂಚಿನಲ್ಲಿರುವ ನೀರಿಳಿಯುವ ತೂತುಗಳನ್ನು ಕಡ್ಡಿಯಿಂದ ಕೆದರುತ್ತಿದ್ದರು. ನಾನು 1986ರಲ್ಲಿ ನೌಕರಿಗೆಂದು ಬಂದು ಅವರ ಸಾಯನ್ ಮನೆಯಲ್ಲಿ ಉಳಿದಾಗ ಬ್ರಷ್ಷು ನನ್ನ ಕೈಗೂ ಬಂತು. ಕಾರಿಗೆ ಜಂಗು ಹಿಡಿಯದೆ ಮೂವತ್ತೈದು ವರ್ಷ ಕಳೆದದ್ದು ಆ ಹೊಲಸು ಎಣ್ಣೆಯ ಪುಣ್ಯ.

ಆ ಪುಣ್ಯ ತೀರಿದ್ದು 2005ರ ಜುಲೈ 26ಕ್ಕೆ. ಅವತ್ತು ಸಾಂತಾಕ್ರೂಝಿನಲ್ಲಿ ಇಪ್ಪತ್ನಾಲ್ಕು ತಾಸಿಗೆ 944 ಮಿಲಿಮೀಟರ್ ಮಳೆ ಬಿತ್ತು. ಮಿಠಿ ನದಿ ಉಕ್ಕಿ ಕುರ್ಲಾ, ಸಾಯನ್, ಕಲೀನಾ ಎಲ್ಲ ಮುಳುಗಿದವು. ಫಿಯಟ್ಟು ಸೀಟಿನ ಮಟ್ಟದವರೆಗೆ ನೀರಿನಲ್ಲಿ ಎರಡು ದಿನ ನಿಂತಿತು. ಬರೀ ಮಳೆ ನೀರಲ್ಲ, ಭರತ ಬಂದಿದ್ದರಿಂದ ಸಮುದ್ರ ಒಳಗೆ ತಳ್ಳಿದ ನೀರೂ ಚರಂಡಿಯೂ ಕೂಡಿದ ಕೆಸರು. ಆಮೇಲೆ ಗ್ಯಾರೇಜೊಂದರಲ್ಲಿ ಕೊಟ್ಟೆವು. ಅವರು ಇಂಜಿನ್ ತೊಳೆದು, ಸೀಟು ಬದಲಿಸಿ, ತೂತು ಬಿದ್ದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟರು. ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ನಾವೂ ಒಳಗೆ ಕೈ ಹಾಕಿ ನೋಡಲಿಲ್ಲ. ಮಾಮಿ ತೀರಿಕೊಂಡ ಮೇಲೆ ಮಾಮಾ ಕಾರಿನ ಸಮೇತ ನಮ್ಮ ಮುಲುಂಡದ ಮನೆಗೆ ಬಂದರು.

ಒಂಬತ್ತು ವರ್ಷ ಪುಟ್ಟಿಯ ಕೆಳಗೆ ಏನು ನಡೆದಿತ್ತು ಅನ್ನುವುದನ್ನು ತೋರಿಸಿಕೊಟ್ಟವರು ಉಸ್ತಾದರು. ಕುರ್ಲಾದ ಡೆಂಟರ್ ಅವರು, ಆದರೆ ಮೂಲ ನಮ್ಮ ವಿಜಾಪುರ ಜಿಲ್ಲೆಯ ಇಂಡಿ ಕಡೆ. 1972ರ ಬರಗಾಲದಲ್ಲಿ ಒಂಬತ್ತು ವರ್ಷದ ಹುಡುಗ, ತಂದೆ ತಾಯಿಯ ಕೂಡ ಮುಂಬಯಿ ರೈಲು ಹತ್ತಿದವರು. ಹಿರಿಯರು ಕಟ್ಟಡದ ಕೆಲಸಕ್ಕೆ, ಹುಡುಗ ಗ್ಯಾರೇಜಿಗೆ. ಹತ್ತಿಪ್ಪತ್ತು ಮಾತು ಹಿಂದಿಯಲ್ಲಾಡಿದ ಮೇಲೆ ನನ್ನ ಉಚ್ಚಾರ ಕೇಳಿ, "ನೀವು ಧಾರವಾಡ ಕಡೀಯವರೇನ್ರಿ ಸರ?" ಅಂದರು. ಅಲ್ಲಿಂದ ಮುಂದೆ ಕೆಲಸವೆಲ್ಲ ಕನ್ನಡದಲ್ಲೇ ನಡೆಯಿತು.

ಅವರು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವೊಂದನ್ನು ತೆಗೆದು ಕಾರಿನ ಮೈಮೇಲೆ ಸವರುತ್ತ ಹೋದರು. ಕಬ್ಬಿಣ ಇದ್ದಲ್ಲಿ ಅದು ಹಿಡಿಯುತ್ತದೆ, ಪುಟ್ಟಿ ಇದ್ದಲ್ಲಿ ಬಿಡುತ್ತದೆ. ಬಿಟ್ಟ ಕಡೆಯೆಲ್ಲ ಖಡುವಿನಿಂದ ಗೆರೆ. ಕಾಲು ತಾಸಿನಲ್ಲಿ ಕಾರಿನ ಕೆಳಭಾಗದ ಮೇಲೆ ನಕಾಶೆಯೇ ಮೂಡಿತು: ಎರಡೂ ರನ್ನಿಂಗ್ ಬೋರ್ಡು, ಮುಂದಿನ ಎರಡು ಮಡ್‌ಗಾರ್ಡುಗಳ ಹಿಂಭಾಗ, ಬಾಗಿಲ ಕೆಳ ಅಂಚು, ಡ್ರೈವರ್ ಕಾಲಿಡುವ ನೆಲ, ಡಿಕ್ಕಿಯೊಳಗೆ ಸ್ಟೆಪ್ನಿ ಇಡುವ ಜಾಗ.

"ಸರ, ಇದು ಗಾಡಿ ಅಲ್ರಿ, ಜರಡಿ" ಅಂದರು. "ಮಡ್‌ಗಾರ್ಡ್ ಹೋದ್ರ ಹೋಗ್ಲಿ, ಅದು ಅಂಗಿ ಇದ್ದಾಂಗ. ರನ್ನಿಂಗ್ ಬೋರ್ಡ್ ಬೆನ್ನೆಲುಬು. ಇದು ಹೋತಂದ್ರ ಒಂದಿನ ರಸ್ತೆ ಮ್ಯಾಲ ಗಾಡಿ ನಡುವ ಮುರೀತದ."

ಅವರು ಹೇಳಿದ್ದರಲ್ಲಿ ಅಲಂಕಾರವಿಲ್ಲ. ಲಾರಿಗೆ, ಜೀಪಿಗೆ ಅಡಿಯಲ್ಲಿ ದಪ್ಪನೆಯ ಚಾಸಿ ಬೇರೆ ಇರುತ್ತದೆ, ಮೇಲೆ ಮೈಯನ್ನು ಕೂಡಿಸಿರುತ್ತಾರೆ. ಫಿಯಟ್ 1100 ಅಂಥದ್ದಲ್ಲ. 1953ರಲ್ಲಿ ಇಟಲಿಯಲ್ಲಿ ಈ ಮಾದರಿ ಹೊರಬಂದಾಗಲೇ ಮೈಯೇ ಚಾಸಿ. ತೆಳು ತಗಡುಗಳನ್ನು ಮಡಿಚಿ, ಪೆಟ್ಟಿಗೆಯ ಹಾಗೆ ಕೂಡಿಸಿ, ಸಾವಿರಾರು ಚುಕ್ಕೆ ಬೆಸುಗೆಗಳಿಂದ ಒಂದು ಗೂಡು ಮಾಡಿದ್ದರು. ಭಾರ ಹೊರುವುದು ಆ ಗೂಡೇ. ಬಾಗಿಲ ಕೆಳಗಿನ ಪಟ್ಟಿ ನೋಡಲು ಅಂಚಿನ ಹಾಗೆ ಕಂಡರೂ ಒಳಗೊಂದು ಹೊರಗೊಂದು ತಗಡು ಸೇರಿ ಆದ ಟೊಳ್ಳು ತೊಲೆ. ತೂಕ ಕಡಿಮೆ, ಕಬ್ಬಿಣದ ಉಳಿತಾಯ, ಓಟ ಚುರುಕು. ಬೆಲೆ ಇಷ್ಟೇ: ತೊಲೆ ಕೊಳೆತರೆ ಮನೆ ಕುಸಿಯುತ್ತದೆ.

ಕೊಳೆಯುವುದೂ ಒಳಗಿನಿಂದಲೇ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ಜಂಗು ಹುಟ್ಟುತ್ತದೆ. ಉಪ್ಪು ಕೂಡಿದರೆ ನೀರಿನಲ್ಲಿ ವಿದ್ಯುತ್ತು ಹರಿಯುವುದು ಸುಲಭವಾಗಿ ಕೆಲಸ ಇನ್ನೂ ಬೇಗ. ಮುಂಬಯಿಯಲ್ಲಿ ನಾಲ್ಕು ತಿಂಗಳು ಮಳೆ, ವರ್ಷವಿಡೀ ಉಪ್ಪುಗಾಳಿ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ ನೀರು ನಿಂತರೆ ಒಣಗುವುದೇ ಇಲ್ಲ. ಇಂದಿನ ಕಾರುಗಳ ಹಾಗೆ ಸತು ಲೇಪಿಸಿದ ತಗಡು ಆಗ ಇರಲಿಲ್ಲ, ಟೊಳ್ಳಿನೊಳಗೆ ಬಣ್ಣವೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಇನ್ನೊಂದು ಸಂಗತಿ: ಜಂಗು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಸಂದಿಯಲ್ಲಿ ಹುಟ್ಟಿದ್ದು ಉಬ್ಬುತ್ತ ಬೆಸುಗೆಯನ್ನೇ ಸೀಳುತ್ತದೆ. ಹೊರಗೆ ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡಾಗ ಒಳಗಿನ ಕೆಲಸ ಮುಗಿದೇ ಹೋಗಿರುತ್ತದೆ. ಪುಟ್ಟಿ ಹಚ್ಚಿದರೆ ತೇವ ಒಳಗೇ ಉಳಿದು ರೋಗ ಇನ್ನೂ ಬಲಿಯುತ್ತದೆ.

"ಭಂಗಾರಕ್ಕ ಹಾಕಿದ್ರ ಒಂದಿಷ್ಟು ರೊಕ್ಕಾ ಬರತಾವ" ಎಂದು ಉಸ್ತಾದರು ಪ್ರಾಮಾಣಿಕವಾಗಿ ಹೇಳಿದರು. ಭಂಗಾರ ಅಂದರೆ ಮುಂಬಯಿ ಭಾಷೆಯಲ್ಲಿ ಗುಜರಿ. ನಾನು ಮೇಲೆ ಹೋಗಿ ಮಾಮಾನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಮಳಿಗಾಲಕ್ಕಿಂತ ಮದಲ ಒಮ್ಮೆ ಇದರಾಗ ಧಾರವಾಡಕ್ಕ ಹೋಗೂಣು. ಆಮ್ಯಾಲ ನೀ ಏನರ ಮಾಡು." ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಿಸುತ್ತ ಬಂದದ್ದು ಮುಂದಿನ ಜೂನಿಗೆ ಮುಗಿಯುವುದಿತ್ತು. ಮಾಮಾನ ವಯಸ್ಸಿಗೆ ಅಂಥ ದಿನಾಂಕವಿರಲಿಲ್ಲ ಅಷ್ಟೆ.

ಕೆಲಸ ಗ್ಯಾರೇಜಿನಲ್ಲಿ ಮಾಡಿಸಿದರೆ ನನ್ನ ಕೈಗೆ ಎಟುಕುವ ಖರ್ಚಲ್ಲ. ಉಸ್ತಾದರು ಒಂದು ದಾರಿ ಹೇಳಿದರು: ಬಿಚ್ಚುವುದು, ಕೆರೆಯುವುದು, ಕತ್ತರಿಸುವುದು, ತೂತು ಕೊರೆಯುವುದು ವಾರದಲ್ಲಿ ನಾನು ಮಾಡಬೇಕು. ಭಾನುವಾರ ಅವರು ಬಂದು ಬೆಸುಗೆ ಹಾಕುತ್ತಾರೆ. ಸೊಸೈಟಿಯ ಸೆಕ್ರೆಟರಿ ಗ್ಯಾಸ್ ಸಿಲಿಂಡರ್ ಅಂದಕೂಡಲೇ ಬೇಡವೆಂದರು. ಅದು ಸರಿಯೂ ಹೌದು. ಕೊನೆಗೆ ಗ್ಯಾಸ್ ಬದಲು ಕರೆಂಟಿನ ಮಿಗ್ ವೆಲ್ಡಿಂಗ್ ಅಂತ ಒಪ್ಪಂದವಾಯಿತು. ಪೆಟ್ರೋಲ್ ಟ್ಯಾಂಕ್ ಕಳಚಿ ಬೇರೆ ಕಡೆ ಇಡಬೇಕು, ಪಕ್ಕದಲ್ಲಿ ಮರಳಿನ ಬಕೆಟ್ಟು ಇರಬೇಕು, ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದಿಲ್ಲ. ತೆಳು ತಗಡಿಗೆ ಮಿಗ್ ಒಳ್ಳೆಯದೂ ಹೌದು. ಗ್ಯಾಸಿನ ಜ್ವಾಲೆ ಮೂರು ಸಾವಿರ ಡಿಗ್ರಿ ದಾಟುತ್ತದೆ, ಸುತ್ತಲಿನ ತಗಡೆಲ್ಲ ಕಾದು ಸೊಟ್ಟಗಾಗುತ್ತದೆ.

ಈಗ ಈ ಕಾರು ಬಂದ ದಾರಿಯ ಬಗ್ಗೆ ನಾಲ್ಕು ಮಾತು. ಹಿಂದುಸ್ತಾನದಲ್ಲೇ ಕಾರು ಮಾಡಬೇಕೆಂಬ ಕನಸಿನ ಹಿಂದೆ ಇದ್ದವರಲ್ಲಿ ಮುಖ್ಯರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1928ರಿಂದಲೇ ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟರ್ಸ್ ಕಂಪನಿ ಕಾರು ಜೋಡಿಸುತ್ತಿತ್ತು, ಆದರೆ ಅದು ಬಿಡಿಭಾಗ ತರಿಸಿ ಕೂಡಿಸುವ ಕೆಲಸ. ವಿಶ್ವೇಶ್ವರಯ್ಯ 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಇಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ಸೋಲಾಪುರದ ಉದ್ಯಮಿ ವಾಲಚಂದ ಹೀರಾಚಂದ. ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲ ಆಸಕ್ತಿ ತೋರಿಸಿತು, ಆದರೆ 1939ರಲ್ಲಿ ರಾಜೀನಾಮೆ ಕೊಟ್ಟಿತು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ತೆಗೆಯುವ ಮಾತೂ ನಡೆಯಿತು, ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗದೆ ಅದೂ ನಿಂತಿತು. ಅದೇ ವಾಲಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆಗೆದರು, ಅದೇ ಇಂದಿನ ಎಚ್‌ಎಎಲ್. ಕಾರಿಗಾಗಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ದು 1944ರಲ್ಲಿ, ಮುಂಬಯಿಯ ಕುರ್ಲಾದಲ್ಲಿ. ವಿಮಾನ ಬೆಂಗಳೂರಿಗೆ ಬಂತು, ಕಾರು ಇಲ್ಲುಳಿಯಿತು. ಅದು ಆ ಕಡೆಗೆ ಹೋಗಿದ್ದರೆ ಉಸ್ತಾದರ ತಂದೆ 1972ರಲ್ಲಿ ಯಾವ ರೈಲು ಹತ್ತುತ್ತಿದ್ದರೋ ಅಂತ ನಾನು ಕೆಲವು ಸಲ ಯೋಚಿಸಿದ್ದುಂಟು.

ಕುರ್ಲಾದಲ್ಲಿ ಮೊದಲು ಕ್ರೈಸ್ಲರ್ ಕಂಪನಿಯ ಅಮೆರಿಕನ್ ಕಾರುಗಳು, 1950ರ ದಶಕದ ಆರಂಭದಿಂದ ಫಿಯಟ್ಟು. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದವರು ಜಾಗ ಖಾಲಿ ಮಾಡಬೇಕೆಂದು ಸರ್ಕಾರ ಹೇಳಿದ ಕಾಲ ಅದು. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಹೊರಟುಹೋದವು. 1954ರಲ್ಲಿ ಬಂದ ಗುಂಡು ಬೆನ್ನಿನ ಫಿಯಟ್ 1100ಕ್ಕೆ ಮುಂಬಯಿಯವರು ಇಟ್ಟ ಹೆಸರು 'ಡುಕ್ಕರ್', ಅಂದರೆ ಹಂದಿ. ಅದರ ಮುಂದಿನ ಬಾಗಿಲು ಹಿಂದಕ್ಕೆ ತೆರೆಯುತ್ತಿದ್ದವು. 1964ರ ಹೊತ್ತಿಗೆ ಬಂದ 1100 ಡಿ ಮಾದರಿಯಲ್ಲಿ ಮೈ ಚೌಕವಾಯಿತು, ಬಾಗಿಲು ಸರಿಯಾದವು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು. ಮಾಮಾನದು ಅದೇ. 1970ರ ದಶಕದಲ್ಲಿ ಫಿಯಟ್ ಎಂಬ ಹೆಸರು ತೆಗೆದು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಚಿತ್ತೋರಿನ ರಾಣಿಯ ಹೆಸರಿನಲ್ಲಿ ಪದ್ಮಿನಿ ಅಂತ ಕರೆದರು. ಜಾಲರಿ, ದೀಪ, ಡ್ಯಾಶ್‌ಬೋರ್ಡು ಬದಲಾದವು, ತಗಡಿನ ಗೂಡು ಬಹುಮಟ್ಟಿಗೆ ಅದೇ. ಅದೇ ಪದ್ಮಿನಿ ಕರಿ-ಹಳದಿ ಬಣ್ಣ ಹಚ್ಚಿಕೊಂಡು ಮುಂಬಯಿಯ ಟ್ಯಾಕ್ಸಿಯಾಯಿತು.

ಮೂವತ್ತೈದು ವರ್ಷ ಮೈ ಬದಲಾಗದೆ ಇದ್ದದ್ದು ನಮ್ಮ ಪಾಲಿಗೆ ವರವಾಯಿತು. ಮಹಾರಾಷ್ಟ್ರ ಸರ್ಕಾರ 2008ರಲ್ಲಿ ಟ್ಯಾಕ್ಸಿಗಳಿಗೆ 25 ವರ್ಷದ ಮಿತಿ ಹಾಕಿತ್ತು, 2013ರಲ್ಲಿ ಅದನ್ನು 20ಕ್ಕೆ ಇಳಿಸಿತು. ಹಾಗಾಗಿ 2014ರ ಚಳಿಗಾಲದಲ್ಲಿ ಪದ್ಮಿನಿ ಟ್ಯಾಕ್ಸಿಗಳು ಸಾಲಾಗಿ ಗುಜರಿಗೆ ಬರುತ್ತಿದ್ದವು. ಉಸ್ತಾದರ ಜೊತೆ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಸಾಮಾನಿನ ಅಂಗಡಿಗಳಿಗೆ ಹೋದೆ. ಗೋಡೆಗೆ ಒರಗಿಸಿಟ್ಟ ಬಾಗಿಲು, ಮಡ್‌ಗಾರ್ಡು, ಬಾನೆಟ್ಟು. ಒಂದು ಬಾಗಿಲ ಮೇಲೆ ಟ್ಯಾಕ್ಸಿಯ ನಂಬರು ಇನ್ನೂ ಅಳಿಸಿರಲಿಲ್ಲ. ಎರಡು ಮಡ್‌ಗಾರ್ಡು, ಎಡಗಡೆಯ ಒಂದು ಬಾಗಿಲು ಆರಿಸಿದೆವು. ಕೊಳೆಯದ ರನ್ನಿಂಗ್ ಬೋರ್ಡು ಮಾತ್ರ ಯಾವ ಟ್ಯಾಕ್ಸಿಯಲ್ಲೂ ಇರಲಿಲ್ಲ. "ಇದು ಎಲ್ಲಾರದೂ ಹೋಗಿರತೈತ್ರಿ. ಇದನ್ನ ನಾವ ಮಾಡೂಣು" ಅಂದರು ಉಸ್ತಾದರು.

ಹಳೆಯ ಪಟ್ಟಿಯಲ್ಲಿ ಗಟ್ಟಿ ಉಳಿದಿದ್ದ ಭಾಗದ ಮೇಲೆ ರಟ್ಟು ಒತ್ತಿ ಮಾದರಿ ತೆಗೆದೆವು. ಬೆನ್ನೆಲುಬಿಗೆ 18 ಗೇಜಿನ ತಗಡು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ನೆಲಕ್ಕೆ 20 ಗೇಜು, ಅದು ಸುಮಾರು 0.9. ಉದ್ದನೆಯ ಮಡಿಕೆಗಳನ್ನು ಕುರ್ಲಾದಲ್ಲಿ ಯಂತ್ರದ ಮೇಲೆ ಮಾಡಿಸಿದೆವು, ಸಣ್ಣವನ್ನು ಅಂಗಳದಲ್ಲೇ ಕಬ್ಬಿಣದ ಆಂಗಲ್ ಮೇಲಿಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಬಡಿದೆ.

ಕತ್ತರಿಸುವ ಮೊದಲು ಉಸ್ತಾದರು ಮಾಡಿಸಿದ ಕೆಲಸ ನನಗೆ ಹೊಳೆಯುವಂಥದ್ದಾಗಿರಲಿಲ್ಲ. ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಸಮನಾಗಿ ಕೂಡಿಸಿ, ಬಾಗಿಲ ಚೌಕಟ್ಟಿಗೆ ಒಳಗಡೆಯಿಂದ ಆಂಗಲ್ಲುಗಳನ್ನು ಅಡ್ಡಡ್ಡ ಬೆಸೆದರು. ಬೆನ್ನೆಲುಬು ತೆಗೆದಾಗ ಮೈ ಕುಸಿಯಬಾರದು. ಒಂದು ಕೂದಲೆಳೆ ಕುಸಿದು ಹಾಗೇ ಬೆಸುಗೆ ಬಿದ್ದರೆ ಬಾಗಿಲು ಆಮೇಲೆ ಯಾವತ್ತೂ ಸರಿ ಕೂಡುವುದಿಲ್ಲ. ಎರಡೂ ಕಡೆ ಒಮ್ಮೆಲೇ ಕತ್ತರಿಸುವಂತಿಲ್ಲ. ಒಂದು ಕಡೆ ಮುಗಿಸಿ ಆಮೇಲೆ ಇನ್ನೊಂದು.

ಗ್ರೈಂಡರಿನಿಂದ ಹೊರತಗಡು ಕತ್ತರಿಸಿ ತೆಗೆದಾಗ ಒಳಗಿಂದ ಒಂದು ಬುಟ್ಟಿ ಕೆಸರು ಬಿತ್ತು. ಒಣಗಿ ಇಟ್ಟಂಗಿಯಾಗಿದ್ದ ಕರಿ ಮಣ್ಣು. 2005ರ ಮಿಠಿ ನದಿ ಒಂಬತ್ತು ವರ್ಷ ಮಾಮಾನ ಕಾರಿನಲ್ಲೇ ಓಡಾಡುತ್ತಿತ್ತು. ಜಂಗು ಕಂಡ ಕಡೆಯಿಂದ ಎರಡೆರಡು ಇಂಚು ಆಚೆ, ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಬೇಕು. ಕೊಳೆತ ತಗಡಿಗೆ ಬೆಸುಗೆ ಹಿಡಿಯುವುದಿಲ್ಲ, ತೂತು ದೊಡ್ಡದಾಗುತ್ತದೆ ಅಷ್ಟೆ. ಜೀವ ತಡೆಯದೆ ಮೊದಲ ಸಲ ಕಡಿಮೆ ಕತ್ತರಿಸಿದ್ದೆ. ಭಾನುವಾರ ಉಸ್ತಾದರು ನೋಡಿ, "ಮಾಯಾ ಮಾಡಬ್ಯಾಡ್ರಿ ಸರ" ಅಂದು ಮತ್ತೆ ಖಡುವಿನಿಂದ ಗೆರೆ ಎಳೆದರು.

ಹೊಸ ತಗಡಿನ ಅಂಚಿಗೆ ಒಂದೊಂದು ಇಂಚಿಗೆ ತೂತು ಕೊರೆದು, ಆ ತೂತು ತುಂಬುವ ಹಾಗೆ ಬೆಸುಗೆ ಹಾಕುತ್ತಾರೆ. ಕಾರ್ಖಾನೆಯ ಚುಕ್ಕೆ ಬೆಸುಗೆಯ ಜಾಗಕ್ಕೆ ಇದು. ಉಸ್ತಾದರ ಬಾಯಲ್ಲಿ ಅದು ಟಾಕಾ, ಅಂದರೆ ಹೊಲಿಗೆ. ಒಂದು ಟಾಕಾ ಈ ತುದಿಗೆ, ಮುಂದಿನದು ಆ ತುದಿಗೆ, ಮೂರನೆಯದು ನಡುವೆ. ಸಾಲಾಗಿ ಹಾಕುತ್ತ ಹೋದರೆ ಕಾವು ಒಂದೇ ಕಡೆ ಕೂಡಿ ತಗಡು ಉಬ್ಬುತ್ತದೆ. ನಡುನಡುವೆ ಬಾಗಿಲು ಮುಚ್ಚಿ ತೆಗೆದು ನೋಡುವುದು. ಆಮೇಲೆ ಅರದಿಂದ ತಿಕ್ಕಿ, ಸತುವಿನ ಪ್ರೈಮರ್ ಹೊಡೆದು, ಸಂದಿಗಳಿಗೆ ಸೀಲರ್ ತುಂಬಿ, ಅಡಿಗೆ ಡಾಂಬರಿನ ಲೇಪ. ಟೊಳ್ಳಿನೊಳಗೆ ಏನು ಹಾಕೋಣ ಅಂತ ಕೇಳಿದಾಗ ಉಸ್ತಾದರಿಗಿಂತ ಮೊದಲು ಉತ್ತರ ಬಂದದ್ದು ಮೇಲಿನ ಕಿಟಕಿಯಿಂದ: "ಎಣ್ಣಿ ಹಾಕೋ ತಮ್ಮಾ!"

ಒಂದೇ ಕಡೆ ಕೈ ನಡುಗಿತು. ಬ್ಯಾಟರಿಯ ಆ್ಯಸಿಡ್ ಸೋರಿ ಇಂಜಿನ್ ಹಿಂದಿನ ಗೋಡೆಯೂ ತೂತಾಗಿತ್ತು. ತೂತಿನಿಂದ ನಾಲ್ಕು ಬೆರಳು ದೂರದಲ್ಲಿ ಚಾಸಿ ನಂಬರ್ ಕೆತ್ತಿದೆ. ಆರ್‌ಟಿಓ ಇನ್ಸ್‌ಪೆಕ್ಟರ್ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವುದು ಅದರದ್ದೇ. ಬಾಗಿಲು, ಮಡ್‌ಗಾರ್ಡು, ಬೆನ್ನೆಲುಬು ಏನು ಬದಲಾದರೂ ಕಾರು ಅದೇ ಕಾರು. ಆ ಅಂಗೈಯಗಲ ತಗಡು ಹೋದರೆ ಸರ್ಕಾರದ ಕಣ್ಣಿನಲ್ಲಿ ಕಾರೇ ಇಲ್ಲ. ಉಸ್ತಾದರು ನಂಬರಿನ ಸುತ್ತ ಗೆರೆ ಬರೆದು, "ಇದರೊಳಗ ಯಾರೂ ಬರಬ್ಯಾಡ್ರಿ. ಇದು ಗಾಡಿ ರೇಶನ್ ಕಾರ್ಡ್" ಅಂದರು. ಅವರಿಗೆ ಅದರ ಬೆಲೆ ಗೊತ್ತಿತ್ತು. ಮುಂಬಯಿಗೆ ಬಂದು ರೇಶನ್ ಕಾರ್ಡು ಸಿಗಲು ಅವರ ತಂದೆಗೆ ಹನ್ನೊಂದು ವರ್ಷ ಹಿಡಿದಿತ್ತಂತೆ. ಅಲ್ಲಿಯವರೆಗೆ ಊರಿನಲ್ಲಿ ಹೆಸರು ಕಡಿದಿತ್ತು, ಇಲ್ಲಿ ಹತ್ತಿರಲಿಲ್ಲ. ಗೆರೆಯ ಈಚೆಗೆ ಸಣ್ಣ ತುಂಡು ಕೂಡಿಸಿ ಮುಗಿಸಿದೆವು.

2015ರ ಮಾರ್ಚ್ ಕೊನೆಗೆ ಕಾರು ನೆಲಕ್ಕಿಳಿಯಿತು. ಬಣ್ಣ ಇನ್ನೂ ಹೊಡೆದಿರಲಿಲ್ಲ, ಮೈಯೆಲ್ಲ ಬೂದು ಪ್ರೈಮರು. ಮಾಮಾನನ್ನು ಕೈ ಹಿಡಿದು ಕರೆತಂದೆ. ಕಣ್ಣಿಗೆ ಸರಿಯಾಗಿ ಕಾಣದು, ಹಾಗಾಗಿ ಕೈಯಿಂದ ನೋಡಿದರು. ಬಗ್ಗಿ ಬಾಗಿಲ ಕೆಳಗೆ ಬೆರಳಾಡಿಸಿದರು. ಬಾಗಿಲು ತೆರೆದು ಮುಚ್ಚಿದರು, ಮತ್ತೆ ತೆರೆದು ಮುಚ್ಚಿದರು. "ಡ್ರೈವರ್ ಬಾಗಲಾ ನಮ್ಮದ. ಈ ಕಡೀದು ನಮ್ಮದಲ್ಲ" ಅಂದರು. ನಾನು ಟ್ಯಾಕ್ಸಿಯ ಬಾಗಿಲ ಸಂಗತಿ ಹೇಳಿರಲಿಲ್ಲ. ಉಸ್ತಾದರು ನಕ್ಕು, "ಕಾಕಾರ, ಟ್ಯಾಕ್ಸಿ ಬಾಗಲಾ ಐತ್ರಿ. ಇಪ್ಪತ್ತ ವರ್ಷ ಮಂದಿ ಜಗ್ಗಿ ಜಗ್ಗಿ ಹಾಕ್ಯಾರ, ರೂಢಿ ಆಗೈತಿ" ಅಂದರು. ಮಾಮಾ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು.

ಏಪ್ರಿಲಿನಲ್ಲಿ ಧಾರವಾಡಕ್ಕೆ ಹೋದೆವು. ಪುಣೆ, ಕೊಲ್ಲಾಪುರ, ಬೆಳಗಾವಿ ಮೇಲಿಂದ ಐನೂರೈವತ್ತು ಕಿಲೋಮೀಟರಿನಷ್ಟು ದಾರಿ. ಘಟ್ಟದಲ್ಲಿ ಇಂಜಿನ್ ಕಾದು ಎರಡು ಸಲ ನಿಂತೆವು. ಮೈ ಮಾತ್ರ ಎಲ್ಲೂ ಕಿರುಗುಡಲಿಲ್ಲ. ಮನೆಯ ಮುಂದೆ ಹುಡುಗರು ಸುತ್ತುಗಟ್ಟಿ "ಮುಂಬಯಿ ಕಾರ್" ಅಂತ ಕೂಗಿದರು. ಜೂನಿನಲ್ಲಿ ತಪಾಸಣೆ ಮುಗಿದು ಐದು ವರ್ಷದ ನೋಂದಣಿಯೂ ಸಿಕ್ಕಿತು. ಮಾಮಾ 2018ರಲ್ಲಿ ತೀರಿಕೊಂಡರು.

ಪದ್ಮಿನಿಯನ್ನು ತಯಾರಿಸುವುದು 2000ದ ಆಸುಪಾಸಿಗೇ ನಿಂತಿತ್ತು. ಕುರ್ಲಾದ ಕಾರ್ಖಾನೆಯ ನೆಲದಲ್ಲಿ ಈಗ ವಸತಿ ಗೋಪುರಗಳಿವೆ. 2003ರ ಅಕ್ಟೋಬರ್ 29ಕ್ಕೆ ತಾಡದೇವ ಆರ್‌ಟಿಓದಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ತುಂಬಿತು. ಅಲ್ಲಿಗೆ ಮುಂಬಯಿಯ ರಸ್ತೆಯಲ್ಲಿ ಆ ಟ್ಯಾಕ್ಸಿ ಇಲ್ಲವಾಯಿತು. ಅದರ ಒಂದು ಬಾಗಿಲು, ಎರಡು ಮಡ್‌ಗಾರ್ಡು ನಮ್ಮ ಅಂಗಳದಲ್ಲಿ ಬೇರೆ ಬಣ್ಣ ಹಚ್ಚಿಕೊಂಡು ಉಳಿದಿವೆ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿ ತಂದಿತು. ಮಾಮಾನ ಕಾರಿಗೆ ವಯಸ್ಸು ಸಾಕಾಗುತ್ತದೆ. ಆದರೆ ನಿಯಮದಲ್ಲಿ ಇನ್ನೊಂದು ಮಾತಿದೆ: ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಮೈ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅರ್ಜಿ ತುಂಬುತ್ತ ಆ ಸಾಲಿನ ಹತ್ತಿರ ನಿಂತೆ. ಉಸ್ತಾದರಿಗೆ ಫೋನು ಮಾಡಿ ಕೇಳಿದೆ: ನಮ್ಮದು ಮೂಲ ರೂಪವೋ, ಅಲ್ಲವೋ?

"ಅಳತಿ ಬದಲಾಗಿಲ್ರಿ ಸರ, ಆಕಾರ ಬದಲಾಗಿಲ್ಲ. ಕೊಳತಿದ್ದು ತಗದೇವಿ, ಅಂಥಾದ್ದ ಹಾಕೇವಿ. ಮೂಲ ಅಂದ್ರ ಮತ್ತೇನ್ರಿ?" ಅಂದರು. ಸ್ವಲ್ಪ ತಡೆದು ಮತ್ತೆ ಕೇಳಿದರು, "ನನ್ನ ಮಮ್ಮಕ್ಕಳು ಕನ್ನಡಾ ಮಾತಾಡೂದಿಲ್ಲ. ಆದ್ರ ಇಂಡ್ಯಾಗ ನಮ್ಮ ಹೊಲಾ ಎಲ್ಲೈತಿ ಅಂತ ಗೊತ್ತೈತಿ. ಅವು ಮೂಲ ಹೌದೊ ಅಲ್ಲೊ?"

ಅರ್ಜಿ ಇನ್ನೂ ಮೇಜಿನ ಮೇಲಿದೆ. ಈ ಸಲದ ಮೇ ತಿಂಗಳಲ್ಲಿ ನನ್ನ ಮಗ ಕಾರಿನ ಅಡಿಗೆ ಮಲಗಿದ್ದ, ಕೈಯಲ್ಲಿ ಹಳೇ ಎಣ್ಣೆಯ ಬ್ರಷ್ಷು. ಬಾಗಿಲ ತೂತು ಕೆದರಲು ಕಡ್ಡಿ ಕೊಡು ಅಂದ. ಕೊಟ್ಟೆ.